ನವೆಗೆ ಹುಟ್ಟಿದ ಮರದ ಕೈ

ನಾನು ಬೆನ್ನು ಕೆರೆಯುವ ಕೈ. ಮೊಳದುದ್ದದ ಹಿಡಿ, ತುದಿಯಲ್ಲಿ ಒಳಕ್ಕೆ ಬಾಗಿದ ಐದು ಬೆರಳು, ಇಷ್ಟೇ ನನ್ನ ಮೈ. ತಲೆಯಿಲ್ಲ, ಹೊಟ್ಟೆಯಿಲ್ಲ. ಆದರೂ ಸುಮ್ಮನೆ ಬಿದ್ದಿರು ಅಂದರೆ ನನ್ನಿಂದಾಗದು. ಮೊಳೆಗೆ ನೇತುಹಾಕಿದರೆ ಫ್ಯಾನಿನ ಗಾಳಿಗೆ ಟಕಟಕ ಅಂತ ಗೋಡೆ ಬಡಿಯುತ್ತೇನೆ. ಮೇಜಿನ ಮೇಲಿಟ್ಟರೆ ಉರುಳಿ ಕೆಳಗೆ ಬೀಳುತ್ತೇನೆ. ಎಲ್ಲೋ ಒಂದು ಬೆನ್ನು ಕಡಿಯುತ್ತಿರುವಾಗ ನಾನಿಲ್ಲಿ ಕೂತು ಏನು ಮಾಡಲಿ ಹೇಳಿ!

ನಾನು ಹುಟ್ಟಿದ್ದು ಚನ್ನಪಟ್ಟಣದಲ್ಲಿ, ಖಲೀಲ್ ಸಾಬರ ಅಂಗಡಿಯ ಹಿಂದಿನ ಕೋಣೆಯಲ್ಲಿ. ಹಾಲೆ ಮರದ ತುಂಡೊಂದನ್ನು ಲೇತಿಗೆ ಕೊಟ್ಟು ಗರಗರ ತಿರುಗಿಸಿ ಹಿಡಿ ಮಾಡಿದರು. ತಿರುಗುತ್ತಿರುವಾಗಲೇ ಕೆಂಪು ಅರಗಿನ ಕಡ್ಡಿ ಒತ್ತಿ ಬಣ್ಣ ಹಚ್ಚಿದರು. ಬೆರಳುಗಳನ್ನು ಮಾತ್ರ ಉಳಿಯಲ್ಲಿ ಕೈಯಾರೆ ಬಿಡಿಸಿದರು. ಕಿರುಬೆರಳು ಒಂಚೂರು ಸೊಟ್ಟಗಾಯಿತು. ಸುತ್ತ ಕುದುರೆ, ಬುಗುರಿ, ಗಿಲಕಿಗಳೆಲ್ಲ ಸಾಲಾಗಿ ಕೂತು ನನ್ನನ್ನು ನೋಡಿ ನಗುತ್ತಿದ್ದಂತೆ ನನಗನಿಸಿತು. ಸಾಬರು ನನ್ನನ್ನು ತಮ್ಮ ಬೆನ್ನಿಗೇ ಹಾಕಿ ಎರಡು ಸಲ ಎಳೆದು, ಕಣ್ಣು ಮುಚ್ಚಿ, "ಆಹಾ... ಮಕ್ಳು ಬೊಂಬೆ ಎರಡು ದಿನ ಆಡಿ ಬಿಸಾಕ್ತಾವೆ. ನಿಂಗೆ ಮಾತ್ರ ಕೆಲ್ಸ ತಪ್ಪಲ್ಲ ನೋಡು" ಅಂದರು. ಆ ಮಾತು ಕೇಳಿ ನನಗೆ ಕೊಂಬು ಬಂತು.

ಮೊದಲು ನನ್ನನ್ನು ಕೊಂಡವರು ಶೇಷಗಿರಿರಾಯರು ಎಂಬ ವಕೀಲರು. ಅವರದು ಅಗಲವಾದ, ನುಣುಪಾದ, ತಿಂದುಂಡ ಬೆನ್ನು. ಊಟವಾದ ಮೇಲೆ ಆರಾಮಕುರ್ಚಿಯಲ್ಲಿ ಒರಗಿ, ಅಂಗಿಯ ಕಾಲರಿನಿಂದ ನನ್ನನ್ನು ಒಳಗೆ ಬಿಟ್ಟು ಮೆಲ್ಲಗೆ ಆಡಿಸುತ್ತಿದ್ದರು. ಅವರಿಗೆ ನವೆಯೇ ಇರಲಿಲ್ಲ. ಬರೀ ಸುಖಕ್ಕೆ ಕೆರೆದುಕೊಳ್ಳುತ್ತಿದ್ದರು. ಬೆನ್ನು ಅಂದರೆ ಎಲ್ಲರದೂ ಹೀಗೇ, ಕೆರೆದರೆ ಎಲ್ಲರಿಗೂ ಸುಖವೇ ಅಂತ ನಾನೂ ತಿಳಿದುಕೊಂಡೆ. ಒಂದು ದಿನ ಮೈಸೂರಿಗೆ ಹೋಗುವ ಬಸ್ಸಿನಲ್ಲಿ ಅವರು ನನ್ನನ್ನು ಸೀಟಿನ ಮೇಲೆ ಮರೆತು ಇಳಿದು ಹೋದರು.

ಬಸ್ಸಿನ ಕಂಡಕ್ಟರು ನನ್ನನ್ನು ಎತ್ತಿ ಹಿಡಿದು, "ಯಾರ್ದ್ರೀ ಇದು ಕೈ? ಯಾರೋ ಪುಣ್ಯಾತ್ಮರು ಕೈಬಿಟ್ಟು ಇಳ್ದೋಗವ್ರೆ!" ಅಂತ ಕೂಗಿದರು. ಬಸ್ಸಿಗೆ ಬಸ್ಸೇ ನಕ್ಕಿತು. ಡಿಪೋದಲ್ಲಿ ಕೊಡೆ, ಊಟದ ಡಬ್ಬಿಗಳ ಜೊತೆ ನಾನು ಬಹಳ ಕಾಲ ಬಿದ್ದಿದ್ದೆ. ಯಾರೂ ಕೇಳಿಕೊಂಡು ಬರಲಿಲ್ಲ. ಕೊನೆಗೆ ಅಲ್ಲಿಯವರು, "ತಗೊಂಡೋಗ್ರೀ ಗುರುಮಲ್ಲಪ್ಪ, ನಿಮಗೇ ಸಿಕ್ಕಿದ್ದು" ಅಂತ ನನ್ನನ್ನು ಅದೇ ಕಂಡಕ್ಟರಿಗೆ ಒಪ್ಪಿಸಿದರು.

ಹಾಗೆ ನಾನು ಮೈಸೂರಿನ ಕ್ಯಾತಮಾರನಹಳ್ಳಿಯ ಮನೆಗೆ ಬಂದೆ. ಗುರುಮಲ್ಲಪ್ಪನವರು ಮಾತಿನ ಮಲ್ಲ. ಮನೆಯಲ್ಲಿದ್ದರೂ ಬಸ್ಸಿನಲ್ಲಿದ್ದಂತೆ ಗಟ್ಟಿಯಾಗಿ ಮಾತಾಡುವರು. ಹೆಂಡತಿ ಸರ್ವಮಂಗಳಮ್ಮ ಮೆಲುಮಾತಿನವರು, ಆದರೆ ಶುದ್ಧದ ವಿಷಯಕ್ಕೆ ಬಂದರೆ ಹುಲಿ. ನನ್ನನ್ನು ನೋಡಿದ್ದೇ ತಡ, "ಯಾರ್ ಯಾರ್ ಬೆನ್ ಕೆರ್ದಿದ್ಯೋ ಏನೋ" ಅಂತ ಸೀಗೆಪುಡಿ ಹಾಕಿ ತಿಕ್ಕಿ, ಬಿಸಿಲಿಗೆ ಒಣಗಿಸಿ ಒಳಗೆ ಬಿಟ್ಟುಕೊಂಡರು. ಆ ಮನೆಯಲ್ಲಿ ಎಂಜಲು ಕೈಯಲ್ಲಿ ಉಪ್ಪಿನ ಭರಣಿ ಮುಟ್ಟುವಂತಿಲ್ಲ, ನೀರಿನ ಕೊಡ ಮುಟ್ಟುವಂತಿಲ್ಲ. ದೇವರ ಗೂಡಿನ ಪಕ್ಕದಲ್ಲಿದ್ದ ಮಾತ್ರೆ ಡಬ್ಬಿಯನ್ನಂತೂ ಕೇಳಲೇಬೇಡಿ. ಔಷಧಿ ಅಂದರೆ ತೀರ್ಥದ ಸಮಾನ ಅಂತ ಅವರ ತಾಯಿ ಹೇಳಿಕೊಟ್ಟಿದ್ದರಂತೆ. ಊಟ ಮುಗಿಸಿ, ಕೈ ತೊಳೆದು, ಬಾಯಿ ಮುಕ್ಕಳಿಸಿ ಬಂದರೆ ಮಾತ್ರ ಮಾತ್ರೆ.

ಕೆಲವು ವರ್ಷ ಚೆನ್ನಾಗಿ ನಡೆಯಿತು. ಬೇಸಿಗೆಯ ಬೆವರುಸಾಲೆಗೆ ಗುರುಮಲ್ಲಪ್ಪನವರು ನನ್ನನ್ನು ಆಡಿಸುವರು, "ಡ್ರೈವರ್ರೇ, ಸ್ವಲ್ಪ ಎಡಕ್ಕೆ, ರೈಟ್ ರೈಟ್" ಅಂತ ನನಗೇ ದಾರಿ ಹೇಳುವರು. ಅವರಿಗೆ ನಿವೃತ್ತಿಯಾಯಿತು. ಸಕ್ಕರೆ ಕಾಯಿಲೆ ಮೊದಲೇ ಇತ್ತು. ಪಾದ ಊದಿಕೊಂಡಿತು, ಮುಖ ಊದಿಕೊಂಡಿತು. ಪರೀಕ್ಷೆ ಮಾಡಿಸಿದರೆ ಕಿಡ್ನಿ ಎರಡೂ ಸೋತಿದ್ದವು. ವಾರಕ್ಕೆ ಮೂರು ಸಲ ಡಯಾಲಿಸಿಸ್ ಅಂದರು. ಮೆಷಿನ್ನಿಗೆ ರಕ್ತ ಹೋಗಿಬರಲು ದಾರಿ ಬೇಕಲ್ಲ, ಅದಕ್ಕೆ ಎಡಗೈಯಲ್ಲಿ ಎರಡು ರಕ್ತನಾಳ ಸೇರಿಸಿ ಹೊಲಿದರು. ಮಣಿಕಟ್ಟಿನ ಹತ್ತಿರ ಮಾಡಿದ್ದು ಕೈಕೊಟ್ಟಿತು. ಆಮೇಲೆ ಮೊಳಕೈಯ ಮೇಲೆ ಮಾಡಿದ್ದು ನಿಂತಿತು.

"ಈ ಕೈ ನಿಮ್ಮ ಪ್ರಾಣ ಅಂತ ತಿಳ್ಕೊಳಿ" ಅಂದರಂತೆ ಆಸ್ಪತ್ರೆಯ ಡಾಕ್ಟರಮ್ಮ. "ಭಾರ ಎತ್ತಬೇಡಿ, ತಲೆಗೆ ಇಟ್ಕೊಂಡು ಮಲಗಬೇಡಿ, ಉಗುರು ತಾಗಿಸಬೇಡಿ. ಇದು ಹೋದ್ರೆ ಇನ್ನೊಂದು ಮಾಡೋಕೆ ನಿಮ್ಮ ನಾಳಗಳು ಅಷ್ಟು ಚೆನ್ನಾಗಿಲ್ಲ."

ಗುರುಮಲ್ಲಪ್ಪನವರು ಆ ಕೈಯನ್ನು ಕಂಕುಳ ಕೂಸಿನ ಹಾಗೆ ಕಾಪಾಡಿಕೊಂಡರು. ಒಮ್ಮೆ ಅವರ ಮಡಿಲಲ್ಲಿ ಬಿದ್ದಿದ್ದಾಗ ನನ್ನ ಹಿಡಿಗೆ ಆ ಜಾಗ ತಾಗಿತು. ಚರ್ಮದ ಕೆಳಗೆ ಏನೋ ಗುಂಯ್ ಅನ್ನುತ್ತಿತ್ತು. ನನಗೆ ಎದೆ ಇಲ್ಲ, ಇದ್ದಿದ್ದರೆ ಝಲ್ ಅನ್ನುತ್ತಿತ್ತು. ಒಬ್ಬ ಮನುಷ್ಯನ ಜೀವ ಅಷ್ಟು ತೆಳ್ಳನೆಯ ಚರ್ಮದಡಿ ಹರಿಯುತ್ತಿತ್ತು.

ಆಮೇಲೆ ಶುರುವಾಯಿತು ನೋಡಿ, ನವೆ!

ಮೊದಲು ಬೆನ್ನು. ಆಮೇಲೆ ಭುಜ, ಮೊಣಕಾಲು, ನೆತ್ತಿ, ಅಂಗಾಲು. ಇಲ್ಲಿ ಕೆರೆದರೆ ಅಲ್ಲಿ, ಅಲ್ಲಿ ಕೆರೆದರೆ ಇನ್ನೆಲ್ಲೋ. ಮೊದಮೊದಲು ನನಗೆ ಹಬ್ಬ. ಬಿಡುವೇ ಇಲ್ಲದ ಕೆಲಸ ಯಾರಿಗುಂಟು ಯಾರಿಗಿಲ್ಲ! ಆದರೆ ಇದು ವಕೀಲರ ಬೆನ್ನಲ್ಲ. ಚರ್ಮ ಒಣಗಿ ಹೊಟ್ಟು ಹೊಟ್ಟಾಗಿತ್ತು. ನಾನು ಎಳೆದ ಕಡೆಯೆಲ್ಲ ಬಿಳಿ ಗೆರೆ, ಬಿಳಿ ಗೆರೆಯ ಮೇಲೆ ಕೆಂಪು ಗೆರೆ, ಬನಿಯನ್ನಿನ ಮೇಲೆ ರಕ್ತದ ಚುಕ್ಕೆ. ಎಷ್ಟು ಕೆರೆದರೂ ಆಹಾ ಅನ್ನುವ ಸದ್ದು ಬರಲಿಲ್ಲ. ನವೆ ಇದ್ದದ್ದು ಚರ್ಮದ ಮೇಲಲ್ಲ, ಇನ್ನೂ ಒಳಗೆಲ್ಲೋ. ನನ್ನ ಬೆರಳು ಅಲ್ಲಿಗೆ ಹೋಗುವಂತಿರಲಿಲ್ಲ.

ಗುರುಮಲ್ಲಪ್ಪನವರಿಗೆ ಕೂತಲ್ಲಿ ಕೂರಲಾಗದು. ಪೇಪರ್ ಹಿಡಿದರೆ ಒಂದು ಸುದ್ದಿ ಓದಿ ಮುಗಿಸಲಾಗದು. ಬಾಗಿಲ ಚೌಕಟ್ಟಿಗೆ ಬೆನ್ನು ಉಜ್ಜಿಕೊಳ್ಳುವರು, ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಜಗುಲಿಗೆ ಅಲೆಯುವರು. ಮಾತಿನ ಮಲ್ಲ ಮಾತೇ ಬಿಟ್ಟರು. ಬಾಯಿ ಬಿಟ್ಟರೆ ಸಿಡುಕು.

"ಮೈಯಲ್ಲಿ ಕೊಳೆ ಕೂತದೆ, ಇನ್ನೇನಿಲ್ಲ" ಅಂತ ತೀರ್ಮಾನ ಮಾಡಿದರು ಸರ್ವಮಂಗಳಮ್ಮ. ಹಿತ್ತಲಿನ ಒಲೆ ಹೊತ್ತಿಸಿ, ಹಂಡೆ ತುಂಬ ನೀರು ಕುದಿಸಿ, ಕಡಲೆಹಿಟ್ಟು ಹಾಕಿ ಗಂಡನ ಮೈಯನ್ನು ಕೆಂಪಗಾಗುವವರೆಗೆ ಉಜ್ಜಿದರು. ಮೇಲೆ ಗಮ್ಮೆನ್ನುವ ಸೋಪು ಬೇರೆ. ಸ್ನಾನ ಮುಗಿದ ಮೇಲೆ ಸ್ವಲ್ಪ ಹೊತ್ತು ಹಾಯೆನಿಸುವುದು. ಆಮೇಲೆ ಇದ್ದಬದ್ದ ಜಿಡ್ಡೂ ಹೋಗಿ ಚರ್ಮ ಬಿಗಿದುಕೊಂಡು ನವೆ ಇಮ್ಮಡಿಯಾಗುವುದು. ಆಗ ಮತ್ತೆ ನನ್ನ ಸರದಿ.

ಒಂದು ಮಧ್ಯಾಹ್ನ ಸರ್ವಮಂಗಳಮ್ಮ ತರಕಾರಿಗೆ ಹೋಗಿದ್ದರು. ಗುರುಮಲ್ಲಪ್ಪನವರು ಟಿವಿ ಹಾಕಿಕೊಂಡು ಕೂತಿದ್ದರು. ಕಣ್ಣು ಟಿವಿಯ ಮೇಲೆ, ಕೈ ಮಾತ್ರ ತನ್ನ ಪಾಡಿಗೆ ತಾನು ನನ್ನನ್ನು ಆಡಿಸುತ್ತಿತ್ತು. ಬೆನ್ನಿನಿಂದ ಭುಜಕ್ಕೆ ಬಂದೆ. ಭುಜದಿಂದ ಎಡತೋಳಿಗೆ ಜಾರಿದೆ. ಆ ಗುಂಯ್ ಸದ್ದು ಬೆರಳಿಗೆ ತಾಗಿತು. "ಅಯ್ಯೋ, ಅಲ್ಲಿ ಬೇಡ ಕಣಪ್ಪಾ!" ಅಂತ ಕೂಗಿಕೊಂಡೆ. ಮರದ ಕೂಗು ಯಾರಿಗೆ ಕೇಳುತ್ತದೆ? ಅವರು ಇನ್ನೂ ಒತ್ತಿ ಕೆರೆದರು. ಬೆರಳ ತುದಿ ಒದ್ದೆಯಾಯಿತು.

ಅವರು ಗಾಬರಿಯಿಂದ ಟವೆಲ್ಲು ಒತ್ತಿ ಹಿಡಿದರು, ರಕ್ತ ನಿಂತಿತು. ಹೆಂಡತಿಗೆ ಹೇಳಲಿಲ್ಲ, ತುಂಬುತೋಳಿನ ಅಂಗಿ ಹಾಕಿಕೊಂಡರು. ಡಯಾಲಿಸಿಸ್ಸಿನ ದಿನ ಅಂಗಿ ಬಿಚ್ಚಿದಾಗ ತೋಳು ಬಿಸಿಯಾಗಿ ಊದಿತ್ತು, ಕೆರೆದ ಜಾಗದಲ್ಲಿ ಕೀವು ಕಟ್ಟಿತ್ತು, ಮೈ ಜ್ವರದಲ್ಲಿ ಸುಡುತ್ತಿತ್ತು.

"ಏನ್ ಯಜಮಾನ್ರೇ ಇದು, ಪ್ರಾಣ ಇರೋ ಕೈನೇ ಪರಚ್ಕೊಂಡಿದೀರಲ್ಲಾ!" ಅಂತ ಸಿಸ್ಟರ್ ಹೌಹಾರಿದರಂತೆ. ಆ ತೋಳಿಗೆ ಸೂಜಿ ಹಾಕುವಂತಿರಲಿಲ್ಲ. ಕತ್ತಿನ ಪಕ್ಕ ಕೊಳವೆ ಇಳಿಸಿ, ಅದರಿಂದ ಮೆಷಿನ್ನಿಗೆ ಜೋಡಿಸಿದರು. ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿಕೊಂಡು ಹೇಳಿದರಂತೆ: "ಇಂಜೆಕ್ಷನ್ ಕೊಡ್ತೀವಿ. ಗಾಯ ಮಾಗಿದ್ರೆ ಕೈ ಉಳಿಯತ್ತೆ. ಮತ್ತೆ ಕೆರೆದು ಕೀವಾದ್ರೆ ನನ್ನ ಕೈಲೂ ಏನೂ ಇರಲ್ಲ. ಉಗುರು ಕತ್ತರಿಸಿ. ಸುಡುನೀರು, ಕಡಲೆಹಿಟ್ಟು ಎಲ್ಲ ಬಿಡಿ. ಉಗುರುಬೆಚ್ಚಗಿನ ನೀರು, ಬೇಗ ಸ್ನಾನ, ಗಮ್ಮೆನ್ನೋ ಸೋಪು ಬೇಡ. ಮೈ ಒದ್ದೆ ಇರೋವಾಗ್ಲೇ ಕೊಬ್ಬರಿ ಎಣ್ಣೆ ಸವರಿ. ಗಾಯ ಇರೋ ಕಡೆ, ಸೂಜಿ ಹಾಕೋ ಜಾಗದಲ್ಲಿ ಮಾತ್ರ ಎಣ್ಣೆ ಬೇಡ. ನವೆ ಬಂದ್ರೆ ತಣ್ಣನೆ ಬಟ್ಟೆ ಇಡಿ, ತಟ್ಟಿ. ಕೆರೀಬೇಡಿ."

ಸರ್ವಮಂಗಳಮ್ಮ ಮನೆಗೆ ಬಂದವರೇ ನನ್ನನ್ನು ಕಿತ್ತುಕೊಂಡರು. "ಈ ಹಾಳಾದ್ದು ಮನೆಗೆ ಬಂದಿದ್ದೇ ಬಂದಿದ್ದು! ಒಲೆಗಿಕ್ತೀನಿ ಇದನ್ನ!" ಅಂತ ಹಿತ್ತಲಿಗೆ ಹೋಗಿ ಸೌದೆಯ ಮೇಲೆ ಬಿಸಾಡಿದರು. ಬೈಗುಳ ನನಗೆ, ಕಣ್ಣೀರು ಗಂಡನಿಗೆ. ನನಗೂ ಕೋಪ ಬಂತು. ಆಡಿಸಿದ ಕೈಯನ್ನು ಬಿಟ್ಟು ಆಡಿದ ಕೈಯನ್ನು ಸುಡುತ್ತಾರಂತೆ! ಆದರೆ ನನ್ನ ಅದೃಷ್ಟ ನೋಡಿ. ಸುಡುನೀರು ಬೇಡ ಅಂದಿದ್ದರಿಂದ ಹಂಡೆಯ ಒಲೆ ಮತ್ತೆ ಹೊತ್ತಲೇ ಇಲ್ಲ. ಸೌದೆಯ ಮೇಲೆ ಬಿದ್ದುಕೊಂಡು ದಿನವೂ ಕಡ್ಡಿ ಗೀರುವ ಸದ್ದಿಗೆ ಕಿವಿಗೊಡುತ್ತಿದ್ದೆ. ಜೀವ ಕೈಯಲ್ಲಿ ಹಿಡಿದು ಕೂರುವುದು ಅಂದರೇನು ಅಂತ ಕೈಯಾದ ನನಗೇ ಆಗ ಗೊತ್ತಾಯಿತು.

ಎಣ್ಣೆ ಸವರಿದ್ದರಿಂದ ಹೊಟ್ಟು ಕಡಿಮೆಯಾಯಿತು, ಬಿರುಕು ಮುಚ್ಚಿತು. ನವೆ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ರಕ್ತಪರೀಕ್ಷೆ ಮಾಡಿದಾಗಲೆಲ್ಲ ಫಾಸ್ಫರಸ್ ಜಾಸ್ತಿ, ಜಾಸ್ತಿ ಅನ್ನುವುದೊಂದೇ ಮಾತು. ಅದು ರಕ್ತದಲ್ಲಿ ಏರಿದರೆ ಮೈ ಕಡಿಯುತ್ತದಂತೆ. ಅದಕ್ಕೆ ಸೀಮೆಸುಣ್ಣದಂಥ ದಪ್ಪ ಮಾತ್ರೆ ಕೊಟ್ಟಿದ್ದರು. "ಮಾತ್ರೆ ತಗೋತಿದೀರಾ?" ಅಂದರೆ, "ಒಂದು ಹೊತ್ತೂ ತಪ್ಪಿಸಿಲ್ಲ" ಅಂತ ಸರ್ವಮಂಗಳಮ್ಮ ಎದೆ ತಟ್ಟಿ ಹೇಳುವರು. ಅದು ನಿಜವೂ ಹೌದು. ಡಾಕ್ಟರಮ್ಮ ತಲೆ ಕೆರೆದುಕೊಳ್ಳುವರಂತೆ. ಅವರಿಗೂ ನಾನೇ ಬೇಕೇನೋ ಅಂತ ನನಗನ್ನಿಸಿತ್ತು.

ತಡೆಯಲಾರದೆ ಗುರುಮಲ್ಲಪ್ಪನವರು ಕಳ್ಳನ ಹಾಗೆ ಹಿತ್ತಲಿಗೆ ಬಂದು, ನನ್ನನ್ನು ಸೌದೆಯಿಂದ ಎತ್ತಿ, ಟವೆಲ್ಲಿನಲ್ಲಿ ಸುತ್ತಿ ಆಸ್ಪತ್ರೆಯ ಚೀಲಕ್ಕೆ ಸೇರಿಸಿದರು. ಡಯಾಲಿಸಿಸ್ಸಿನ ಕೋಣೆಯ ಹೊರಗೆ ಸರದಿಗಾಗಿ ಕಾಯುವ ಬೆಂಚಿನ ಮೇಲೆ, ಹೆಂಡತಿ ನೀರು ತರಲು ಹೋದದ್ದೇ ತಡ, ನನ್ನನ್ನು ಹೊರಗೆ ತೆಗೆದು ಬೆನ್ನಿಗೆ ಹಾಕಿದರು. ಪಕ್ಕದಲ್ಲಿ ಫಿಲೋಮಿನಮ್ಮ ಕೂತಿದ್ದರು. ಬನ್ನಿಮಂಟಪದ ಕಡೆಯವರು, ಹೊಲಿಗೆ ಕೆಲಸ ಮಾಡುತ್ತಿದ್ದವರು. ಇವರಿಗಿಂತ ಬಹಳ ಮೊದಲಿನಿಂದ ಅದೇ ಮೆಷಿನ್ನಿಗೆ ಬರುತ್ತಿದ್ದವರು.

"ಏನ್ ಕಂಡಕ್ಟ್ರೇ, ಇರೋ ಎರಡು ಕೈ ಸಾಲ್ದು ಅಂತ ಮೂರನೇದು ಮಾಡಿಸ್ಕೊಂಡ್ರಾ?" ಅಂದರು.

"ನಗ್ಬೇಡೀಮ್ಮ. ಮೈ ಸುಲ್ಕೊಂಡ್ ಎಸ್ದುಬಿಡೋಣ ಅನ್ನುಸ್ತದೆ."

"ನಂಗೂ ಹಂಗೇ ಇತ್ತು. ಗೋಡೆ ಗೋಡೆ ಉಜ್ಕೋತಿದ್ದೆ. ಬಿಡಿ, ಮೊದ್ಲು ಊಟ ಮಾಡಿ."

ಸರ್ವಮಂಗಳಮ್ಮ ಬರುತ್ತಲೇ ನಾನು ಚೀಲ ಸೇರಿದೆ. ಆದರೆ ನನ್ನ ಬೆರಳು ಹೊರಗೇ ಇಣುಕುತ್ತಿತ್ತು. ಎರಡು ಡಬ್ಬಿ ಬಿಚ್ಚಿದವು. ಫಿಲೋಮಿನಮ್ಮ ಎರಡು ತುತ್ತು ಅನ್ನ ತಿಂದು, ಅದೇ ಎಂಜಲು ಕೈಯಲ್ಲಿ ಮಡಿಲಲ್ಲಿದ್ದ ಮಾತ್ರೆ ತೆಗೆದು ಬಾಯಿಗೆ ಹಾಕಿ ಕಟಕಟ ಅಗಿದರು, ಮತ್ತೆ ತುತ್ತೆತ್ತಿದರು. ಸರ್ವಮಂಗಳಮ್ಮ ಮುಖ ಕಿವುಚಿದರು. ಇತ್ತ ಗುರುಮಲ್ಲಪ್ಪನವರು ಊಟ ಮುಗಿಸಿ, ನಲ್ಲಿಯವರೆಗೆ ನಡೆದು ಹೋಗಿ ಕೈ ತೊಳೆದು, ಬಾಯಿ ಮುಕ್ಕಳಿಸಿ, ಬಂದು ಕೂತು ಉಸಿರು ತಿರುಗಿಸಿಕೊಂಡರು. ಆಮೇಲೆ ಹೆಂಡತಿ ಡಬ್ಬಿ ತೆಗೆದು ಮಾತ್ರೆ ಕೊಟ್ಟರು. ಅದೇ ದಪ್ಪ ಮಾತ್ರೆ.

ಫಿಲೋಮಿನಮ್ಮ ತುತ್ತು ಕೈಯಲ್ಲೇ ಹಿಡಿದು ನೋಡಿದರು. "ಇದೇನ್ರಮ್ಮಾ, ಇದನ್ನ ಈಗ ಕೊಡ್ತೀರಿ?"

"ಊಟದ ಜೊತೆ ಅಂತ ಹೇಳವ್ರಲ್ಲ. ಕೈ ತೊಳ್ದ ತಕ್ಷಣ ಕೊಡ್ತೀನಿ."

"ಅಯ್ಯೋ ದೇವ್ರೇ! ಊಟದ ಜೊತೆ ಅಂದ್ರೆ ಊಟದ ಜೊತೆ, ಊಟ ಮುಗಿದ್ಮೇಲಲ್ಲ. ಅನ್ನದಲ್ಲಿರೋ ಆ ಫಾಸ್ಫರಸ್ನ ಇದು ಹೊಟ್ಟೇಲೇ ಹಿಡ್ಕೋಬೇಕು. ನೀವೇ ಹೇಳಿ ಕಂಡಕ್ಟ್ರೇ, ಬಸ್ಸಿಂದ ಜನ ಎಲ್ಲ ಇಳ್ದು ಮನೆ ಸೇರಿದ್ಮೇಲೆ ನೀವು ಹತ್ತಿ ಟಿಕೆಟ್ ಟಿಕೆಟ್ ಅಂದ್ರೆ ಯಾರ್ ಸಿಕ್ತಾರೆ?"

ಸರ್ವಮಂಗಳಮ್ಮ ನಂಬಲಿಲ್ಲ. ನೇರ ಡಾಕ್ಟರಮ್ಮನ ಕೋಣೆಗೆ ಹೋಗಿ ಕೇಳಿಕೊಂಡು ಬಂದರು. "ಹೌದಂತೆ ಕಣ್ರೀ" ಅಂದರು. "ಊಟದ ಮಧ್ಯದಲ್ಲೇ ಅಂತೆ. ನಾನೇ ದಿನಾ ಕೊಟ್ಟೂ ಕೊಡದಂಗೆ ಮಾಡಿದೀನಲ್ಲಾ..." ಬೆಂಚಿನ ಮೇಲೆ ಕುಸಿದು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಗುರುಮಲ್ಲಪ್ಪನವರು, "ಸುಮ್ನಿರು ಮಂಗಳಾ. ನೀನೂ ಕೈ ತೊಳ್ಕೋ ಅಂದೆ, ನಾನೂ ತೊಳ್ಕೊಂಡೆ" ಅಂದರು. ಅಷ್ಟು ಮೃದುವಾಗಿ ಅವರು ಮಾತಾಡಿದ್ದು ಎಷ್ಟು ಕಾಲವಾಗಿತ್ತೋ.

ಮನೆಗೆ ಬಂದು ಚೀಲ ಬಿಚ್ಚುವಾಗ ನಾನು ಸಿಕ್ಕಿಬಿದ್ದೆ. ಸರ್ವಮಂಗಳಮ್ಮ ಬೈಯಲಿಲ್ಲ. ನನ್ನನ್ನು ಅಡುಗೆಮನೆಯ ಕಿಟಕಿಯಲ್ಲಿಟ್ಟು, ರಾತ್ರಿಯ ಊಟಕ್ಕೆ ತಟ್ಟೆ ಹಾಕಿದರು. ಆ ಊಟ ಮಾತ್ರ ನನ್ನ ಕಣ್ಣಿಗೆ ಕಟ್ಟಿದಂತಿದೆ.

ಗುರುಮಲ್ಲಪ್ಪನವರು ಎರಡು ತುತ್ತು ತಿಂದು ಕೈ ನಿಲ್ಲಿಸಿದರು. ಡಬ್ಬಿಯ ಕಡೆ ನೋಡಿದರು. ಬಲಗೈ ಎಂಜಲು. ಎಡತೋಳಿಗೆ ಪಟ್ಟಿ. ಅದಿಲ್ಲದಿದ್ದರೂ ತೀರ್ಥದಂಥ ಔಷಧಿಯನ್ನು ಎಡಗೈಯಲ್ಲಿ ಮುಟ್ಟಿದವರಲ್ಲ. ಸರ್ವಮಂಗಳಮ್ಮ ಡಬ್ಬಿ ಹಿಡಿದು ನಿಂತೇ ಇದ್ದರು. ಇಷ್ಟು ವರ್ಷದ ಕಟ್ಟುಪಾಡು ಬಿಡುವುದು ಅಷ್ಟು ಸುಲಭವೇ? ಅನ್ನ ಆರುತ್ತಿತ್ತು. ನನಗೆ ತಳಮಳ. ಬೇಗ, ಬೇಗ, ಯಾರಾದರೂ ಕೈ ಚಾಚಿ!

"ಆ ಅನ್ನಿ" ಅಂದರು ಸರ್ವಮಂಗಳಮ್ಮ.

"ಹಾಂ?"

"ಬಾಯಿ ತೆಗೀರಿ ಅಂದೆ."

ಮಾತ್ರೆಯನ್ನು ತಮ್ಮ ಕೈಯಿಂದ ಗಂಡನ ಬಾಯಿಗಿಟ್ಟರು. ಬೆರಳು ತುಟಿಗೆ ತಾಗಿತು. ಗುರುಮಲ್ಲಪ್ಪನವರ ಕಿವಿ ಕೆಂಪಾಯಿತು. "ಯಾರಾದ್ರೂ ನೋಡಿದ್ರೆ ಏನಂದ್ಕೋತಾರೆ ಕಣೇ" ಅಂತ ಗೊಣಗಿದರು. "ಅಂದ್ಕೊಳ್ಳಲಿ ಬಿಡಿ. ಅಗೀರಿ ಮೊದ್ಲು." ಸರ್ವಮಂಗಳಮ್ಮ ತಮ್ಮ ಬೆರಳನ್ನೊಮ್ಮೆ ನೋಡಿಕೊಂಡರು. ಅದೂ ಈಗ ಎಂಜಲೇ. ಬಚ್ಚಲ ಕಡೆ ಒಂದು ಹೆಜ್ಜೆ ಇಟ್ಟರು. ನಿಂತರು. ವಾಪಸು ಬಂದು ಅದೇ ಕೈಯಲ್ಲಿ ಅನ್ನದ ಪಾತ್ರೆ ಹಿಡಿದು ಇನ್ನೊಂದಿಷ್ಟು ಬಡಿಸಿದರು.

ನವೆ ಒಂದೇ ದಿನಕ್ಕೆ ಓಡಿಹೋಗಲಿಲ್ಲ. ಇವರು ಒದ್ದಾಡಿದರು, ತಣ್ಣೀರ ಬಟ್ಟೆ ಹಾಕಿಕೊಂಡರು, ಅಂಗೈಯಲ್ಲಿ ತಟ್ಟಿಕೊಂಡರು, ಎಷ್ಟೋ ಸಲ ನನ್ನ ಕಡೆ ಆಸೆಗಣ್ಣು ಬಿಟ್ಟರು. ಮೆಲ್ಲಮೆಲ್ಲಗೆ ರಕ್ತಪರೀಕ್ಷೆಯಲ್ಲಿ ಅಂಕಿ ಇಳಿಯಿತು. ಪೇಪರ್ ಎರಡು ಪುಟ ಓದುವಂತಾಯಿತು. ತೋಳಿನ ಗಾಯ ಒಣಗಿ ಹೊಸ ಚರ್ಮ ಬಂತು. ಕತ್ತಿನ ಕೊಳವೆ ತೆಗೆಯುವ ಮೊದಲು ಸಿಸ್ಟರ್ ಆ ತೋಳಿಗೇ ಸೂಜಿ ಹಾಕಿ ನೋಡಿದರು. ರಕ್ತ ಸರಾಗವಾಗಿ ಹರಿದು ಮೆಷಿನ್ನಿಗೆ ಹೋಗಿ ಬಂತಂತೆ. ಗುರುಮಲ್ಲಪ್ಪನವರು ಮಲಗಿದಲ್ಲಿಂದಲೇ "ರೈಟ್ ರೈಟ್!" ಅಂತ ಕೂಗಿದರಂತೆ, ವಾರ್ಡಿಗೆ ವಾರ್ಡೇ ತಿರುಗಿ ನೋಡಿತಂತೆ. ನಾನು ಆ ದಿನ ಹೋಗಿರಲಿಲ್ಲ. ಇದೆಲ್ಲ ಸರ್ವಮಂಗಳಮ್ಮ ಪಕ್ಕದ ಮನೆಯವರಿಗೆ ಹೇಳುವಾಗ ಕಿಟಕಿಯಿಂದ ಕೇಳಿಸಿಕೊಂಡದ್ದು.

ಈಗ ನನಗೆ ವಯಸ್ಸಾಗಿದೆ. ಅರಗು ಎದ್ದುಹೋಗಿದೆ. ಬಚ್ಚಲ ಬಾಗಿಲ ಹಿಂದಿನ ಮೊಳೆಯೇ ನನ್ನ ಮನೆ. ಮೇಲಿನ ತಂತಿಯಿಂದ ಟವೆಲ್ಲು ಎಳೆಯಲು ಒಮ್ಮೊಮ್ಮೆ ನನ್ನನ್ನು ಬಳಸುತ್ತಾರೆ, ಅಷ್ಟೇ. ಚಡಪಡಿಕೆ ಹೋಗಿಲ್ಲ. ಬಾಗಿಲು ತೆಗೆದರೆ ಸಾಕು, ನನ್ನನ್ನೇ ಕರೆಯಲು ಬಂದರೇನೋ ಅಂತ ತೂಗಾಡುತ್ತೇನೆ. ಆ ಮನೆಯಲ್ಲಿ ಕಾಯಿಲೆಯೂ ಹೋಗಿಲ್ಲ. ವಾರಕ್ಕೆ ಮೂರು ದಿನ ಆ ಚೀಲ ಹೊರಡುತ್ತದೆ. ನವೆಯೂ ಪೂರ್ತಿ ಬಿಟ್ಟಿಲ್ಲ, ಆಗಾಗ ಬಂದು ಮಾತಾಡಿಸಿ ಹೋಗುತ್ತದೆ.

ನಿನ್ನೆ ಸ್ನಾನ ಮುಗಿಸಿದ ಗುರುಮಲ್ಲಪ್ಪನವರು ಒದ್ದೆ ಮೈಯಲ್ಲೇ ನಿಂತು, ನವೆಗೆ ಬೆನ್ನು ಕೊಂಕಿಸಿ, ನನ್ನ ಕಡೆಗೆ ಕೈ ಚಾಚಿದರು. ನಾನು ಮೊಳೆಯ ಮೇಲೆ ತೂಗಾಡಿದೆ. ಬರಲೋ, ಬೇಡವೋ?

"ರೀ, ಬನ್ನಿ ಇಲ್ಲಿ. ತಿರುಗಿ ನಿಂತ್ಕೊಳಿ" ಅಂದರು ಸರ್ವಮಂಗಳಮ್ಮ. ಅಂಗೈಗೆ ಎಣ್ಣೆ ಸುರಿದುಕೊಂಡು ಗಂಡನ ಬೆನ್ನಿಗೆ ಒತ್ತಿದರು. ಕೆರೆಯಲಿಲ್ಲ, ಉಜ್ಜಲಿಲ್ಲ. ಭುಜದಿಂದ ಸೊಂಟದವರೆಗೆ ನಿಧಾನವಾಗಿ ಸವರಿದರು. ಗುರುಮಲ್ಲಪ್ಪನವರು ಕಣ್ಣು ಮುಚ್ಚಿದರು, ಅವರ ಭುಜ ಇಳಿಯಿತು, ಉಸಿರು ನಿಧಾನವಾಯಿತು. ಮೊಳೆಯ ಮೇಲೆ ನಾನೂ ಅಲುಗಾಡದೆ ನಿಂತೆ. ಜೀವಮಾನವಿಡೀ ನಾನೂ ಒಂದು ಕೈ ಅಂದುಕೊಂಡಿದ್ದೆ. ಖಲೀಲ್ ಸಾಬರು ನನಗೆ ಬೆರಳು ಕೊಟ್ಟರು, ಅಂಗೈ ಕೊಡಲಿಲ್ಲ.